ನಲವತ್ತೊಂದನೆಯ ಗಿರಾಕಿ

೨೦೧೧ನೆಯ ಇಸವಿ ಮಾರ್ಚ್ ೧೪, ಸೋಮವಾರದಂದು ಲಾಂಡ್ರಿ ಅಕ್ಕ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡರು. ಮಾರ್ಚ್ ೧೫ ಎಂದು ಆಕೆಯ ಯಜಮಾನರು ಇಂದಿಗೂ ವಾದಿಸುತ್ತಾರೆ. ಗಾಡಿಯ ಕಾಗದಪತ್ರಗಳ ಮೇಲಿನ ಮೊಹರನ್ನು ನಾನು ಕಣ್ಣಾರೆ ಕಂಡಿದ್ದೇನೆ; ಹದಿನಾಲ್ಕೇ ಸರಿ.

ಗಾಡಿ ತಯಾರಾದದ್ದು ೧೯೯೯ರಲ್ಲಿ. ಮೂವರ ಕೈ ದಾಟಿ ನಾಲ್ಕನೆಯದಾಗಿ ಆಕೆಯ ಕೈಗೆ ಬಂದಿತ್ತು. ಮೀಟರಿನಲ್ಲಿ ಎರಡು ಲಕ್ಷ ಹದಿನಾಲ್ಕು ಸಾವಿರ ಕಿಲೋಮೀಟರ್ ಎಂದಿತ್ತು. ಅದನ್ನು ಮಾರಿದವನೂ ನಂಬಿರಲಿಲ್ಲ, ಕೊಂಡವರೂ ನಂಬಲಿಲ್ಲ. ಎಡಗಡೆಯ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಹಿಂದಿನ ತೊಟ್ಟಿಯ ತಳ ತುಕ್ಕು ಹಿಡಿದು, ನಿಂತು ನೋಡಿದರೆ ರಸ್ತೆ ಕಾಣುತ್ತಿತ್ತು.

ಇಂಥ ಗಾಡಿಯನ್ನು ಆಕೆ ಕೊಂಡದ್ದು ಹುಚ್ಚಿನಿಂದಲ್ಲ. ನಮ್ಮ ಆಸ್ಪತ್ರೆಯ ಬಟ್ಟೆಯನ್ನೆಲ್ಲ ಒಗೆದು ಕೊಡುವ ಒಪ್ಪಂದ ಆಕೆಯದಾಗಿತ್ತು. ಆಸ್ಪತ್ರೆಯ ಬಟ್ಟೆ ಉಗ್ರಾಣದ ಮೇಲ್ವಿಚಾರಣೆ ನನ್ನದಾಗಿದ್ದುದರಿಂದ ಆ ಒಪ್ಪಂದದ ಒಂದೊಂದು ಸಾಲೂ ನನಗೆ ಬಾಯಿಪಾಠ. ಬೆಳಗಿನ ಆರೂವರೆಯೊಳಗೆ ಒಗೆದು, ಇಸ್ತ್ರಿ ಮಾಡಿ, ಮಡಿಸಿದ ಬೆಡ್‌ಶೀಟುಗಳು ಹಿಂಬಾಗಿಲಿಗೆ ಬರಬೇಕು. ಜನವರಿ ೧ರಿಂದ ಡಿಸೆಂಬರ್ ೩೧ರವರೆಗಿನ ಅವಧಿಯಲ್ಲಿ ಮೂರು ಬಾರಿ ತಡವಾದರೆ ಒಪ್ಪಂದ ರದ್ದು. ಲಾಂಡ್ರಿಯ ಮುಕ್ಕಾಲು ಪಾಲು ಕೆಲಸ ಆಸ್ಪತ್ರೆಯದೇ. ಅದು ಹೋದರೆ ಅಲ್ಲಿ ದುಡಿಯುವ ಆರು ಮಂದಿ ಹೆಂಗಸರ ಅನ್ನವೂ ಹೋಗುತ್ತಿತ್ತು. ಹಿಂದಿನ ವರ್ಷ ಬಾಡಿಗೆ ವ್ಯಾನಿನವನ ನಿದ್ದೆಯ ದೆಸೆಯಿಂದ ಎರಡು ಬಾರಿ ತಡವಾಗಿತ್ತು. ಹೊಸ ವರ್ಷದ ಲೆಕ್ಕದಲ್ಲಿ ಮೂರು ಬೀಳಬಾರದೆಂದೇ ಆಕೆ ನಲವತ್ತಾರನೆಯ ವಯಸ್ಸಿನಲ್ಲಿ ವಾಹನ ಚಾಲನೆ ಕಲಿತು, ತಾವೇ ಗಾಡಿ ಇಟ್ಟುಕೊಂಡರು.

ಕೊಂಡ ಎರಡೇ ದಿನಕ್ಕೆ ಎಡವಟ್ಟಾಯಿತು. ಆ ತಪ್ಪನ್ನು ಬೇರೆ ಯಾವ ಕಸುಬಿನವರೂ ಮಾಡುತ್ತಿರಲಿಲ್ಲವೆಂದು ನನ್ನ ಭಾವನೆ. ಬಾನೆಟ್ ಎತ್ತಿ ನೋಡಿದ ಆಕೆಗೆ, ಹನ್ನೆರಡು ವರ್ಷದ ಎಣ್ಣೆ ಜಿಡ್ಡು ಗಟ್ಟಿಯಾಗಿ ಕುಳಿತಿದ್ದ ಎಂಜಿನ್ನನ್ನು ಕಂಡು ಮೈ ಜುಮ್ಮೆಂದಿತು. ಮಾರ್ಚ್ ೧೬ರ ಸಂಜೆ ಎರಡು ಹಂಡೆ ಕುದಿಯುವ ನೀರಿಗೆ ಒಗೆಯುವ ಸೋಡಾ ಬೆರೆಸಿ, ಮೇಲಿನಿಂದ ಸುರಿದು, ಬ್ರಷ್ಷಿನಿಂದ ತಿಕ್ಕಿ, ಮತ್ತೆ ತಣ್ಣೀರಿನಲ್ಲಿ ಜಾಲಿಸಿದರು.

“ಗಂಜಿ ಹಾಕಿ ಇಸ್ತ್ರಿನೂ ಮಾಡಿಬಿಡು, ಅಷ್ಟು ಯಾಕೆ ಉಳೀಬೇಕು,” ಎಂದರಂತೆ ಯಜಮಾನರು, ಇಸ್ತ್ರಿ ಮೇಜಿನ ಹಿಂದಿನಿಂದ.

“ನಗಬೇಡಿ ರೀ. ಕೊಳಕು ಇದ್ದ ಕಡೆ ಯಾವ ಕೆಲಸಾನೂ ನೆಟ್ಟಗೆ ಆಗಲ್ಲ.”

ಎಂಜಿನ್ ಫಳಫಳನೆ ಹೊಳೆಯಿತು. ಬೆಳಿಗ್ಗೆ ಬೀಗದ ಕೈ ತಿರುಗಿಸಿದರೆ ಸೊಲ್ಲೆತ್ತಲಿಲ್ಲ. ಆಲ್ಟರ್ನೇಟರಿಗೆ, ಸ್ಟಾರ್ಟರಿಗೆ, ತಂತಿಗಳ ಕೀಲುಕೀಲಿಗೂ ನೀರು ನುಗ್ಗಿತ್ತು. ಮಾರ್ಚ್ ೧೭, ಗುರುವಾರದಂದು ಆಕೆ ಮತ್ತು ಆರು ಮಂದಿ ಹೆಂಗಸರು ಎರಡು ತಳ್ಳುಗಾಡಿಗಳಲ್ಲಿ ಮೂವತ್ತಾರು ಗಂಟುಗಳನ್ನು ಹೇರಿಕೊಂಡು ನಾಲ್ಕು ಕಿಲೋಮೀಟರ್ ತಳ್ಳುತ್ತ ನಮ್ಮ ಹಿಂಬಾಗಿಲಿಗೆ ಬಂದಾಗ ಗಡಿಯಾರದಲ್ಲಿ ಏಳು ಗಂಟೆ ಐವತ್ತು ನಿಮಿಷ. ನಾನು ರಿಜಿಸ್ಟರಿನ ಮುಂದೆ ಕ್ಷಣಕಾಲ ಪೆನ್ನು ಹಿಡಿದು ಕುಳಿತೆ.

“ಬರೀರಿ ಸಾರ್,” ಎಂದರು ಆಕೆ, ಬೆವರು ಒರೆಸಿಕೊಳ್ಳುತ್ತ. “ತಡ ಅಂತಾನೇ ಬರೀರಿ. ಕರುಣೆ ತೋರಿಸಿ ಏನೂ ಬರೀಬೇಡಿ. ಆಮೇಲೆ ಸರಿಯಾದ ಹೊತ್ತಿಗೆ ಬಂದಾಗಲೂ ಕರುಣೆಯಿಂದ ಬರೆದದ್ದು ಅಂದುಕೊಳ್ತಾರೆ.”

ಬರೆದೆ.

ಗಾಡಿಯನ್ನು ಎಳೆದುಕೊಂಡು ಹೋದದ್ದು ಸೇತುವೆಯ ಪಕ್ಕದ ಗ್ಯಾರೇಜಿಗೆ. ಅದರ ಒಡೆಯನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಖಾಯಿಲೆ ಹೇಳುವುದು ಅವನ ಕ್ರಮ. ಕೆಲಸ ಬಲ್ಲವನೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಾಡಿ ಹಳೆಯದು, ಒಡತಿ ಹೊಸಬಳು ಎಂದು ಕಂಡ ದಿನದಿಂದ ಅವನಿಗೆ ಒಂದು ಆಸೆ ಹುಟ್ಟಿತು: ಇದನ್ನು ಗುಜರಿ ಬೆಲೆಗೆ ಕೊಂಡು, ತಾನೇ ಸರಿಮಾಡಿ, ಮಾರಬೇಕೆಂದು.

“ಎಂಜಿನ್ನಿಗೆ ಸ್ನಾನ ಮಾಡಿಸಿದವರನ್ನ ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲಮ್ಮ,” ಎಂದು ನಕ್ಕ. ಆಲ್ಟರ್ನೇಟರ್ ಬದಲಾಯಿಸಿ, ತಂತಿ ಸರಿಮಾಡಿ, ಆರು ಸಾವಿರದ ಇನ್ನೂರು ಎಂದ.

ಆಕೆ ಕೊಟ್ಟರು. ಕೊಟ್ಟು, ಕೈ ಚಾಚಿಕೊಂಡೇ ನಿಂತರು.

“ಇನ್ನೇನು?”

“ಹಳೇದು ಕೊಡಿ.”

“ಹಳೇದು ಯಾಕೆ ನಿಮಗೆ? ಕೆಟ್ಟುಹೋಗಿದೆ.”

“ಕೆಟ್ಟಿದ್ದು ನನ್ನದು ತಾನೇ? ನಮ್ಮಲ್ಲಿ ಹರಿದುಹೋದ ಬೆಡ್‌ಶೀಟನ್ನೂ ಎಣಿಸಿ ವಾಪಸ್ ಕೊಡ್ತೀವಿ. ಹರಿದಿದೆಯೋ ಇಲ್ಲವೋ ಅಂತ ಕೊಟ್ಟವರೇ ನೋಡಬೇಕು.”

ಈ ಮಾತು ಅಕ್ಷರಶಃ ನಿಜ. ಹರಿದ ಬಟ್ಟೆಯನ್ನು ನನ್ನ ಮುಂದೆ ಬಿಡಿಸಿ ತೋರಿಸದೆ ಆಕೆ ಒಂದು ದಿನವೂ ಲೆಕ್ಕದಿಂದ ತೆಗೆದವರಲ್ಲ. ಇನ್ನೊಂದು ಕ್ರಮವೂ ಆ ಲಾಂಡ್ರಿಯಲ್ಲಿತ್ತು. ಪ್ರತಿಯೊಬ್ಬ ಗಿರಾಕಿಗೂ ಒಂದು ಸಂಖ್ಯೆ, ಆ ಸಂಖ್ಯೆಗೆ ಒಂದು ಚುಕ್ಕೆಯ ಗುರುತು. ಒಗೆಯಲು ಬಂದ ಬಟ್ಟೆಯ ಅಂಚಿನಲ್ಲಿ, ಕುದಿಸಿದರೂ ಹೋಗದ ಕಪ್ಪು ಶಾಯಿಯಲ್ಲಿ ಅದನ್ನು ಹಾಕುವರು. ಗುರುತಿಲ್ಲದ ಬಟ್ಟೆ ಹಂಡೆಗೆ ಇಳಿಯುವಂತಿಲ್ಲ. ಆಗ ಗಿರಾಕಿಗಳು ನಲವತ್ತು ಮಂದಿ. ಆ ದಿನ ಸಂಜೆ ಆಕೆ ಪುಸ್ತಕದಲ್ಲಿ ನಲವತ್ತೊಂದನೆಯ ಸಾಲು ತೆರೆದು “ಗಾಡಿ” ಎಂದು ಬರೆದರು. ಗುರುತು: ನಾಲ್ಕು ಚುಕ್ಕೆ, ಪಕ್ಕದಲ್ಲೊಂದು.

ಶಾಯಿ ಜಿಡ್ಡಿನ ಮೇಲೆ ನಿಲ್ಲದು. ಆದ್ದರಿಂದ ಆಕೆ ಕಬ್ಬಿಣದಂಗಡಿಯಿಂದ ಒಂದು ಪಂಚು ತಂದರು. ಮೊನಚಾದ ಉಕ್ಕಿನ ಕಡ್ಡಿ, ತಲೆಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಎಂಥ ಲೋಹದಲ್ಲೂ ಸಾಸಿವೆಯಷ್ಟು ಗುಳಿ ಬೀಳುತ್ತದೆ. ಅಂದಿನಿಂದ ಗಾಡಿಗೆ ಹಾಕುವ ಯಾವ ಹೊಸ ಭಾಗವೂ ಐದು ಏಟು ತಿನ್ನದೆ ಒಳಗೆ ಹೋಗಲಿಲ್ಲ.

ಹಳೆಯ ಗಾಡಿಯ ಸಂಸಾರ ತಿಳಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಏಪ್ರಿಲ್ ತಿಂಗಳಲ್ಲಿ ಬ್ರೇಕು ಒತ್ತಿದರೆ ಗಾಡಿ ಎಡಕ್ಕೆ ಎಳೆಯತೊಡಗಿತು. ಎರಡು ಸಾವಿರದ ನಾನೂರು. ಆ ಕೆಲಸ ಮುಗಿದ ವಾರದಲ್ಲೇ ಹಿಂದಿನ ಸ್ಪ್ರಿಂಗ್ ಪಟ್ಟಿಯೊಂದು ಒದ್ದೆ ಬಟ್ಟೆಯ ಭಾರಕ್ಕೆ ಟಪ್ಪೆಂದು ಮುರಿಯಿತು. ಮೇ ತಿಂಗಳಲ್ಲಿ ಸೇತುವೆಯ ಏರಿನಲ್ಲಿ ಎಂಜಿನ್ ಗರ್ಜಿಸುತ್ತಿತ್ತು, ಗಾಡಿ ಮಾತ್ರ ಬಸವನಹುಳುವಿನಂತೆ ತೆವಳುತ್ತಿತ್ತು. ಮೂಗಿಗೆ ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಸವೆದಿತ್ತು. ಮೇ ೧೧, ಬುಧವಾರ, ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿದರು. ಕೂಲಿ ಸೇರಿ ಒಂಬತ್ತೂವರೆ ಸಾವಿರ. ಆ ದಿನ ಆಕೆ ಟೈರೊಂದರ ಮೇಲೆ ಕುಳಿತು, ಹೊಸ ಪ್ಲೇಟನ್ನು ಮಡಿಲಲ್ಲಿಟ್ಟುಕೊಂಡು, ನಡುವಿನ ಉಕ್ಕಿನ ಭಾಗಕ್ಕೆ ನಾಲ್ಕು ಚುಕ್ಕೆ, ಪಕ್ಕದಲ್ಲೊಂದು ಹೊಡೆದರು. ಮೇಸ್ತ್ರಿ ಆಗ ನೀರಿನ ಟ್ಯಾಂಕರಿನವನ ಜತೆ ಜಗಳದಲ್ಲಿದ್ದ; ನೋಡಲಿಲ್ಲ.

ಆಗಸ್ಟ್ ೨೨, ಸೋಮವಾರ, ರೇಡಿಯೇಟರಿನ ರಬ್ಬರ್ ಕೊಳವೆ ದಾರಿಯಲ್ಲೇ ಸಿಡಿಯಿತು. ಕೊಳವೆಯ ಬೆಲೆ ಬರೀ ನೂರೆಂಬತ್ತು. ಆದರೆ ಅದು ಸಿಡಿದದ್ದು ಆರು ಗಂಟೆ ಹತ್ತು ನಿಮಿಷಕ್ಕೆ, ಅಂಗಡಿ ತೆರೆಯುವುದು ಎಂಟಕ್ಕೆ. ನನ್ನ ರಿಜಿಸ್ಟರಿನಲ್ಲಿ ಎರಡನೆಯ “ತಡ” ಬಿತ್ತು. ಆ ವರ್ಷದಲ್ಲಿ ಇನ್ನು ಒಂದೇ ಒಂದು ಬಿದ್ದರೆ ಮುಗಿಯಿತು.

ಡಿಸೆಂಬರ್ ೧೩, ಮಂಗಳವಾರ, ಬಟ್ಟೆ ಇಳಿಸಿ ಹೊರಟ ಗಾಡಿ ನಮ್ಮ ಅಂಗಳದಲ್ಲೇ ಕಿರ್ ಎಂದಿತು. ಗೇರು ಬೀಳಲೊಲ್ಲದು. ಆಕೆ ಹೇಗೋ ಮಾಡಿ ಗ್ಯಾರೇಜು ಮುಟ್ಟಿಸಿದರು.

ಮುಂದಿನ ಸಂಭಾಷಣೆ ನಡೆದಾಗ ನಾನು ಅಲ್ಲಿರಲಿಲ್ಲ. ಯಜಮಾನರಿಂದಲೂ ಟ್ಯಾಂಕರಿನವನಿಂದಲೂ ಬೇರೆಬೇರೆಯಾಗಿ ಕೇಳಿ, ತಾಳೆ ನೋಡಿ ಬರೆಯುತ್ತಿದ್ದೇನೆ.

“ಕ್ಲಚ್ಚು ಹೋಗಿದೆ,” ಎಂದ ಮೇಸ್ತ್ರಿ.

“ಹೋಗಿರಲ್ಲ. ಮೇ ತಿಂಗಳಲ್ಲಿ ಹೋದಾಗ ಎಂಜಿನ್ ಕೂಗ್ತಿತ್ತು, ಗಾಡಿ ಹೋಗ್ತಿರಲಿಲ್ಲ. ಈಗ ಕೂಗ್ತಾ ಇಲ್ಲ. ಪೆಡಲ್ ಒತ್ತಿದ್ರೆ ಬೆಣ್ಣೇಲಿ ಕಾಲಿಟ್ಟ ಹಾಗೆ ತಳ ಮುಟ್ಟುತ್ತೆ. ಇದು ಬೇರೆ ಖಾಯಿಲೆ.”

“ನೀವು ಬಟ್ಟೆ ಒಗೀರಿ ಅಕ್ಕ, ಗಾಡಿ ನನಗೆ ಬಿಡಿ. ಹೆಂಗಸರು ಓಡಿಸೋ ಗಾಡೀಲಿ ಇದೇ ಕಥೆ. ಕಾಲು ಯಾವಾಗಲೂ ಕ್ಲಚ್ ಮೇಲೆ. ಏಳು ತಿಂಗಳಿಗೆ ಪ್ಲೇಟ್ ತಿಂದು ಹಾಕಿದ್ದೀರಿ.”

ಸಂಜೆ ಐದಕ್ಕೆ ಬನ್ನಿ ಎಂದ. ಐದಕ್ಕೆ ಗಂಡ ಹೆಂಡತಿ ಇಬ್ಬರೂ ಹೋದರು. ಗಾಡಿ ಬೆಳಿಗ್ಗೆ ನಿಂತಲ್ಲೇ ನಿಂತಿತ್ತು. ಮೇಸ್ತ್ರಿ ಕರ್ರಗೆ ಸುಟ್ಟ ಕ್ಲಚ್ ಪ್ಲೇಟೊಂದನ್ನು ತಂದು ಆಕೆಯ ಮುಂದೆ ಟಣ್ಣನೆ ಎಸೆದ.

“ನೋಡಿ. ಹಳೇದು ಹಳೇದು ಅಂತೀರಲ್ಲ, ತಗೊಳ್ಳಿ. ಹೊಸದು ಗುರುವಾರ ಬರುತ್ತೆ. ಎಲ್ಲ ಸೇರಿ ಹನ್ನೆರಡು ಸಾವಿರ.” ಆಮೇಲೆ ದನಿ ತಗ್ಗಿಸಿದ. “ನನ್ನ ಮಾತು ಕೇಳಿದ್ರೆ ಇದಕ್ಕೆ ಇನ್ನು ಸುರೀಬೇಡಿ. ಮೂವತ್ತೈದು ಸಾವಿರ ಕೊಡ್ತೀನಿ, ಹೀಗೇ ಬಿಟ್ಟು ಹೋಗಿ. ಅಣ್ಣ, ನೀವಾದರೂ ಹೇಳಿ.”

“ನಾನು ಇಸ್ತ್ರಿ ಮಾಡೋನು ಮೇಸ್ತ್ರಿ,” ಎಂದರು ಯಜಮಾನರು. “ನೆರಿಗೆ ಬಿಡಿಸೋದು ಬಿಟ್ಟು ನನಗೆ ಬೇರೇನೂ ಬರಲ್ಲ. ಅವಳನ್ನೇ ಕೇಳಿ.”

ಗುರುವಾರವೆಂದರೆ ನಡುವೆ ಬುಧವಾರದ ಬೆಳಗಿತ್ತು. ಬಾಡಿಗೆ ವ್ಯಾನು ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿದರೆ ಮಾತ್ರ ಸಿಗುತ್ತಿತ್ತು. ಆಕೆ ಪ್ಲೇಟನ್ನು ಎತ್ತಿಕೊಂಡು, ಸೆರಗಿನ ತುದಿಯಿಂದ ನಡುಭಾಗವನ್ನು ಉಜ್ಜಿದರು. ತಿರುಗಿಸಿ ಇನ್ನೊಂದು ಬದಿಯನ್ನೂ ಉಜ್ಜಿದರು. ಬೆಳಕಿಗೆ ಹಿಡಿದು ನೋಡಿದರು.

“ಇದು ಯಾರ ಮನೆ ಬಟ್ಟೆ ಮೇಸ್ತ್ರಿ?”

“ಏನು?”

“ನಮ್ಮದಲ್ಲ. ನಮ್ಮದಕ್ಕೆ ನಾಲ್ಕು ಚುಕ್ಕೆ, ಪಕ್ಕದಲ್ಲೊಂದು ಇದೆ. ನಾನೇ ಹೊಡೆದಿದ್ದೀನಿ. ಇದರಲ್ಲಿ ಇಲ್ಲ.”

ಮೇಸ್ತ್ರಿ ತಡವರಿಸಿದ. “ಅಷ್ಟು ಬಿಸೀಲಿ ಸುಟ್ಟುಹೋಗಿರುತ್ತೆ.”

“ಶಾಯಿ ಸುಡುತ್ತೆ. ಗುಳಿ ಹೇಗೆ ಸುಡುತ್ತೆ?”

“ನೋಡಿ ಅಕ್ಕ, ವಾದ ಬೇಡ. ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ತೆಗೆದು, ಬೋಲ್ಟು ಕಳೀಬಾರದು ಅಂತ ವಾಪಸ್ ಏರಿಸಿ ಇಟ್ಟಿದ್ದೀನಿ. ಪ್ಲೇಟ್ ಹೊರಗಿದೆ. ಬೇಕಾದ್ರೆ ಗಾಡೀನ ತಳ್ಳಿಕೊಂಡು ಹೋಗಿ, ಬೇರೆಯವರಿಗೆ ತೋರಿಸಿ.”

“ಪ್ಲೇಟ್ ಹೊರಗಿದ್ರೆ ಗಾಡಿ ತಾನಾಗಿ ಮುಂದಕ್ಕೆ ಹೋಗಲ್ಲ, ಅಲ್ವಾ?”

“ಒಂದು ಗೇಣೂ ಹೋಗಲ್ಲ. ಎಂಜಿನ್ ತಿರುಗುತ್ತೆ, ಚಕ್ರಕ್ಕೆ ಸುದ್ದಿನೇ ಮುಟ್ಟಲ್ಲ.”

“ಟ್ಯಾಂಕರಣ್ಣ, ಕೇಳಿಸ್ಕೊಂಡ್ಯಲ್ಲ?”

“ಕೇಳಿಸ್ತಕ್ಕ,” ಎಂದ ಟ್ಯಾಂಕರಿನವನು, ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದವನು.

ಚಾಲನೆ ಕಲಿಸಿದ ಮುದುಕ ಆಕೆಗೆ ಒಂದು ಉಪಾಯ ಹೇಳಿಕೊಟ್ಟಿದ್ದ. ಕ್ಲಚ್ ಕೈಕೊಟ್ಟಾಗ ಎಂಜಿನ್ ನಿಲ್ಲಿಸಿ, ಗೇರನ್ನು ಒಂದಕ್ಕೆ ಹಾಕಿ, ಆಮೇಲೆ ಬೀಗದ ಕೈ ತಿರುಗಿಸಬೇಕು. ಗಾಡಿ ಒಮ್ಮೆ ಮುಗ್ಗರಿಸಿ ಹೊರಟುಬಿಡುತ್ತದೆ. ಒಳಗೆ ಪ್ಲೇಟ್ ಇದ್ದರೆ ಮಾತ್ರ. ಆಕೆ ಸುಟ್ಟ ಪ್ಲೇಟನ್ನು ಯಜಮಾನರ ಕೈಗೆ ಕೊಟ್ಟು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೇರು ಹಾಕಿ, ಬೀಗದ ಕೈ ತಿರುಗಿಸಿದರು. ಗಾಡಿ ಕುಪ್ಪಳಿಸಿತು, ಕೆಮ್ಮಿತು, ಗ್ಯಾರೇಜಿನ ಬಾಗಿಲು ದಾಟಿ ರಸ್ತೆಗಿಳಿಯಿತು. ಒಂದು ಗೇಣೂ ಹೋಗದ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಟ್ಯಾಂಕರಿನವನು ನಗುತ್ತಲೇ ಇದ್ದನಂತೆ. ಅವನ ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತಂತೆ.

ಆದರೆ ಗೆದ್ದದ್ದು ಮಾತಿನಲ್ಲಿ ಮಾತ್ರ. ಗಾಡಿ ಕೆಟ್ಟೇ ಇತ್ತು. ಮನೆಯ ಮುಂದೆ ನಿಲ್ಲಿಸಿ ಆಕೆ ಗಾಡಿಯ ಕೆಳಗೆ ನುಸುಳಿ ನೋಡಿದರು. ಕ್ಲಚ್ಚಿನ ಪೆಡಲು ಒತ್ತಿದಾಗ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೆಬ್ಬೆರಳು ಗಾತ್ರದ ಸಿಲಿಂಡರೊಂದು ಗೇರ್‌ಬಾಕ್ಸಿನ ಪಕ್ಕದಲ್ಲಿದೆ. ಅದರ ಬಾಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಳಗಿನ ರಬ್ಬರ್ ಹರಿದಿರಬೇಕು. ಅಷ್ಟು ಹೊತ್ತಿಗೆ ಬಿಡಿಭಾಗದ ಅಂಗಡಿ ಮುಚ್ಚಿತ್ತು. ಇಸ್ತ್ರಿ ಮುಗಿಯುವುದೇ ಬೆಳಗಿನ ಆರರ ಸುಮಾರಿಗೆ; ತಳ್ಳುಗಾಡಿಯನ್ನು ನಂಬುವಂತಿರಲಿಲ್ಲ.

“ಆಸ್ಪತ್ರೆ ಸಾರ್‌ಗೆ ಹೇಳಿ ನಾಳೆ ಒಂದು ದಿನ ಬಿಡಿಸಿಕೊಳ್ಳೋಣವಾ?” ಎಂದರು ಯಜಮಾನರು.

“ಅವರು ಬಿಡಲ್ಲ. ಬಿಟ್ಟರೂ ನಾನು ಕೇಳಲ್ಲ.”

ಆಕೆಗೆ ನನ್ನ ಪರಿಚಯ ಚೆನ್ನಾಗಿಯೇ ಇತ್ತು.

ಲಾಂಡ್ರಿಯಿಂದ ಆಸ್ಪತ್ರೆಗೆ ನಾಲ್ಕು ಕಿಲೋಮೀಟರ್, ನಡುವೆ ಮೂರು ವೃತ್ತ. ಭಾರ ಹೇರಿದ ಗಾಡಿಯನ್ನು ಗೇರಿನಲ್ಲೇ ಎಬ್ಬಿಸುವ ಆಟ ಹೊರಡುವಾಗ ಒಮ್ಮೆ ನಡೆದೀತು; ದಾರಿಯಲ್ಲಿ ಮತ್ತೆ ಮತ್ತೆ ನಡೆಯದು. ಆದ್ದರಿಂದ ನಿಲ್ಲಲೇಬಾರದು. ಡಿಸೆಂಬರ್ ೧೪, ಬುಧವಾರದ ಬೆಳಿಗ್ಗೆ ಆ ಆರು ಮಂದಿ ಹೆಂಗಸರು ವೃತ್ತಕ್ಕೆ ಇಬ್ಬರಂತೆ ಮೊದಲೇ ಹೋಗಿ ನಿಂತರು. ಜೋಡಿಗೊಂದು ಬಿಳಿಯ ಬೆಡ್‌ಶೀಟು. ಗಾಡಿ ಕಂಡೊಡನೆ ಇಬ್ಬರೂ ಅದನ್ನು ರಸ್ತೆಗಡ್ಡ ಬಿಡಿಸಿ ಹಿಡಿದು ಅಡ್ಡದಾರಿಯ ವಾಹನಗಳನ್ನು ತಡೆದರು. ಎರಡನೆಯ ವೃತ್ತದಲ್ಲಿ ಹಾಲಿನ ವ್ಯಾನಿನವನು ಹಾರ್ನು ಹೊಡೆದು ರೇಗಿದ.

“ಏನಮ್ಮಾ ಇದು, ರಸ್ತೇಲಿ ಬಟ್ಟೆ ಒಣಗಿಸ್ತೀರಾ?”

“ಹೂಂ ಕಣಪ್ಪ, ಅರ್ಧ ನಿಮಿಷಕ್ಕೆ ಒಣಗಿಬಿಡುತ್ತೆ, ಇರು,” ಎಂದಳು ಅವರಲ್ಲಿ ಹಿರಿಯಳು.

ಗಾಡಿ ಎರಡನೆಯ ಗೇರಿನಲ್ಲೇ, ನಿಲ್ಲದೆ, ಮೂರನ್ನೂ ದಾಟಿತು. ನಮ್ಮ ಹಿಂಬಾಗಿಲಿನ ಗೇಟನ್ನು ನಾನೇ ತೆರೆಸಿಟ್ಟಿದ್ದೆನೆಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಆರೂಕಾಲಿಗೆ ಗೇಟು ತೆರೆದಿರಬೇಕೆಂಬುದು ೨೦೦೬ನೆಯ ಇಸವಿಯ ಸುತ್ತೋಲೆ. ಕಾವಲುಗಾರ ಅದನ್ನು ಮರೆತಿದ್ದ, ನಾನು ನೆನಪಿಸಿದೆ, ಅಷ್ಟೆ. ಗಾಡಿ ಒಳಗೆ ನುಗ್ಗಿ, ಉಗ್ರಾಣದ ಗೋಡೆಗೆ ಒಂದು ಮೊಳ ದೂರದಲ್ಲಿ ಬ್ರೇಕು ಬಿದ್ದು, ಮುಗ್ಗರಿಸಿ ಸತ್ತುಹೋಯಿತು. ಆಕೆ ಕೆಳಗಿಳಿಯಲಿಲ್ಲ. ಕಿಟಕಿಯಿಂದ ಕೇಳಿದರು.

“ಎಷ್ಟು ಸಾರ್?”

“ಆರು ಇಪ್ಪತ್ತಾರು.”

“ಬರೀರಿ.”

ಅಂದೇ ಹತ್ತು ಗಂಟೆಗೆ ಬಿಡಿಭಾಗದ ಅಂಗಡಿಯಿಂದ ಸಿಲಿಂಡರಿನ ರಬ್ಬರ್ ಬಂತು. ಎಣ್ಣೆಯ ಬಾಟಲಿ ಸೇರಿ ಇನ್ನೂರ ಎಂಬತ್ತು. ನಮ್ಮ ಅಂಗಳದಲ್ಲೇ, ಆಕೆ ಅಡಿಯಲ್ಲಿ ಮಲಗಿ, ಯಜಮಾನರು ಮೇಲೆ ಕುಳಿತು ಪೆಡಲು ಒತ್ತುತ್ತ, ಕೊಳವೆಯಲ್ಲಿ ಸೇರಿದ ಗಾಳಿಯನ್ನು ಹೊರಹಾಕಿದರು.

“ಒತ್ತಿ ರೀ. ಬಿಡಬೇಡಿ. ಈಗ ಬಿಡಿ. ಬಿಡಿ ಅಂದಾಗ ಬಿಡಿ.”

“ಇಪ್ಪತ್ತಮೂರು ವರ್ಷದಿಂದ ಇದನ್ನೇ ಮಾಡ್ತಾ ಇದ್ದೀನಲ್ಲ,” ಎಂದರು ಯಜಮಾನರು ನನ್ನ ಕಡೆ ನೋಡಿ.

ಹನ್ನೊಂದೂಕಾಲಿಗೆ ಗೇರು ಸಲೀಸಾಗಿ ಬಿತ್ತು. ಹನ್ನೆರಡು ಸಾವಿರದ ಖಾಯಿಲೆ ಇನ್ನೂರೆಂಬತ್ತಕ್ಕೆ ವಾಸಿಯಾಯಿತು. ಹರಿದ ರಬ್ಬರನ್ನು ಆಕೆ ಒರೆಸಿ, ಕಾಗದದಲ್ಲಿ ಸುತ್ತಿ, ದಿನಾಂಕ ಬರೆದು ಇಟ್ಟುಕೊಂಡರು.

ಉಳಿದದ್ದು ಸುಟ್ಟ ಪ್ಲೇಟು. ಲಾಂಡ್ರಿಯ ಮುಂಭಾಗದಲ್ಲಿ, ಗಿರಾಕಿಗಳು ಬಂದು ನಿಲ್ಲುವ ಕಟ್ಟೆಯ ಮೇಲ್ಗಡೆ, ವಾರಸುದಾರರಿಲ್ಲದ ಬಟ್ಟೆಗಳನ್ನು ತೂಗುಹಾಕುವ ಮೊಳೆಗಳ ಸಾಲೊಂದಿದೆ. ಯಾರೋ ಮರೆತ ಅಂಗಿ, ಒಂಟಿ ದಿಂಬಿನ ಚೀಲ, ಮದುವೆ ಮುರಿದವನೊಬ್ಬನ ಕೋಟು. ಅವುಗಳ ನಡುವೆ ಪ್ಲೇಟು ನೇತಾಡಿತು. ಅದಕ್ಕೂ ಉಳಿದವುಗಳಿಗೆ ಕಟ್ಟುವಂಥದೇ ಚೀಟಿ: “ಬಂದದ್ದು ೧೩-೧೨-೨೦೧೧. ಗುರುತಿಲ್ಲ. ವಾರಸುದಾರರು ಗುರುತು ಹೇಳಿ ಒಯ್ಯಬಹುದು.”

ಮೇಸ್ತ್ರಿಯ ಹೆಸರನ್ನು ಆಕೆ ಎಲ್ಲಿಯೂ ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಟ್ಯಾಂಕರಿನವನಿಗೆ ಬಾಯಿತ್ತು. ಹತ್ತು ದಿನದೊಳಗೆ ಹಾಲಿನ ವ್ಯಾನಿನವನು ಪಂಚು ಕೇಳಿಕೊಂಡು ಬಂದ. ಅವನ ಹಿಂದೆ ಗ್ಯಾಸ್ ಸಿಲಿಂಡರಿನವನು.

ಡಿಸೆಂಬರ್ ೨೭, ಮಂಗಳವಾರ, ಸಂಜೆ ನಾಲ್ಕರ ಸುಮಾರಿಗೆ ಮೇಸ್ತ್ರಿಯೇ ಬಂದ. ನನ್ನ ಎರಡು ಅಂಗಿಗಳನ್ನು ಪಡೆಯಲು ಹೋಗಿದ್ದ ನಾನು ಕಟ್ಟೆಯ ಬಳಿಯೇ ಇದ್ದೆ. ಆದ್ದರಿಂದ ಇದಕ್ಕೆ ತಾಳೆ ಬೇಕಿಲ್ಲ.

“ಅದನ್ನ ಇಳಿಸಿಬಿಡಿ ಅಕ್ಕ,” ಎಂದ, ಮೇಲೆ ನೋಡದೆ.

ಆಕೆ ದಿಂಬಿನ ಚೀಲ ಮಡಿಸುತ್ತಿದ್ದರು. “ಟೋಕನ್ ಇದೆಯಾ?”

“ಏನು ಟೋಕನ್ನು. ಜನ ಎಲ್ಲ ಹಳೇ ಸಾಮಾನು ವಾಪಸ್ ಕೊಡು ಅಂತ ಪ್ರಾಣ ತಿಂತಾ ಇದ್ದಾರೆ. ಮುಂದಿನ ಸಲ ನಿಮ್ಮ ಗಾಡಿಗೆ ಕೂಲೀನೇ ಬೇಡ, ಆಯ್ತಾ? ಅದನ್ನ ಇಳಿಸಿ.”

“ಟೋಕನ್ ಇಲ್ಲದಿದ್ರೆ ಗುರುತು ಹೇಳಿ. ಯಾರದ್ದು, ಯಾವ ಗಾಡೀದು, ಯಾವತ್ತು ತೆಗೆದದ್ದು. ಅಷ್ಟು ಹೇಳಿದ್ರೆ ಈಗಲೇ ಇಳಿಸಿ, ಒರೆಸಿ, ಕಾಗದದಲ್ಲಿ ಸುತ್ತಿ ಕೊಡ್ತೀನಿ. ಹೇಳಿ ಮೇಸ್ತ್ರಿ.”

ಕಟ್ಟೆಯ ಬಳಿ ನನ್ನನ್ನೂ ಸೇರಿಸಿ ನಾಲ್ವರಿದ್ದೆವು. ಮೇಸ್ತ್ರಿ ಪ್ಲೇಟನ್ನು ನೋಡಿದ, ನಮ್ಮನ್ನು ನೋಡಿದ, ಚಪ್ಪಲಿಯನ್ನು ನೋಡಿಕೊಂಡ. ಬಂದ ದಾರಿಯಲ್ಲೇ ಹೊರಟುಹೋದ.

ಡಿಸೆಂಬರ್ ೩೧, ಶನಿವಾರ, ಆರು ಗಂಟೆ ಹದಿನೆಂಟು ನಿಮಿಷಕ್ಕೆ ಆ ವರ್ಷದ ಕೊನೆಯ ಗಂಟುಗಳು ಇಳಿದವು. ನಾನು ರಿಜಿಸ್ಟರಿನ ಕೆಳಗೆ ಗೆರೆ ಎಳೆದು “ತಡ: ಎರಡು” ಎಂದು ಬರೆದು ಸಹಿ ಹಾಕಿದೆ. ಒಪ್ಪಂದ ಮುಂದುವರಿಯಿತು. ಆಕೆ ಆ ಪುಟವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಎರಡು ಸಲ ಓದಿ, ಗಾಡಿ ಹತ್ತಿ, ಗೇರು ಹಾಕಿ ಹೊರಟರು. ಪ್ಲೇಟು ಇಂದಿಗೂ ಅದೇ ಮೊಳೆಯಲ್ಲಿದೆ. ಕೋಟಿನವನು ೨೦೧೪ರ ಫೆಬ್ರವರಿಯಲ್ಲಿ ಬಂದು ಗುರುತು ಹೇಳಿ ಕೋಟು ತೆಗೆದುಕೊಂಡು ಹೋದ.